ಮೊದಲು ಲೈಟು ಡಿಮ್ ಮಾಡುತ್ತಿದ್ದವಳು

ಲೋರ್ನಾ ಪ್ಯಾಸ್ಕೋಳ ಬಸ್ಸಿನ ಬ್ಯಾಟರಿಯನ್ನು ಕ್ಲೈವ್ ವೈರಿಂಗ್ ಮಾಡಿಕೊಟ್ಟ ಲೈಟುಗಳೇ ಕುಡಿದು ಹಾಕಿದವು, ಅದಕ್ಕೇ ಆವತ್ತು ಶೆಡ್ಡಿಗೆ ತಿಂಡಿ ತಡವಾಯಿತು, ಅದೇ ಅವಮಾನಕ್ಕೆ ಅವಳು ಅಡುಗೆ ಬಿಟ್ಟಳು ಎಂದು ನಮ್ಮೂರಿನ ಪಬ್ಬಿನಲ್ಲಿ ಈಗಲೂ ಹೇಳುತ್ತಾರೆ. ಕ್ಲೈವ್ ಅಂದರೆ ನಾನೇ. ಗಾಡಿಗಳ ವೈರಿಂಗ್ ನನ್ನ ಕಸುಬು. ಕೋಬಾರ್ ಪೇಟೆಯಿಂದ ಬರ್ಕ್ ಪೇಟೆ ತನಕ ಯಾರದೇ ಗಾಡಿಯ ಲೈಟು ಕೆಟ್ಟರೂ ಕೊನೆಗೆ ನನ್ನ ಅಂಗಡಿಯ ಮುಂದೆ ಬಂದು ನಿಲ್ಲಬೇಕು. ನಾನು ಬಾಯಿ ಕೆಟ್ಟವನು, ಒಪ್ಪಿಕೊಳ್ಳುತ್ತೇನೆ. ನನ್ನ ಕೆಲಸದ ಬಗ್ಗೆ ಯಾರಾದರೂ ಒಂದು ಮಾತು ಎತ್ತಿದರೆ ಅಲ್ಲೇ ಅವರ ಜನ್ಮ ಜಾಲಾಡಿಬಿಡುತ್ತೇನೆ. ಆದರೆ ಈ ಒಂದು ಮಾತಿಗೆ ಮಾತ್ರ ಇಷ್ಟು ದಿನ ತುಟಿ ಬಿಚ್ಚಲಿಲ್ಲ. ಹೋದ ಚಳಿಗಾಲದಲ್ಲಿ ಲೋರ್ನಾಳನ್ನು ಮಣ್ಣು ಮಾಡಿ ಬಂದೆವು. ಇನ್ನು ಹೇಳಿದರೆ ಅವಳಿಗೇನೂ ನೋವಿಲ್ಲ.

ಲೋರ್ನಾ ಉಣ್ಣೆ ಶೆಡ್ಡುಗಳ ಅಡುಗೆಯವಳು. ಕುರಿಯ ಉಣ್ಣೆ ಕತ್ತರಿಸುವ ತಂಡ ಒಂದು ಫಾರ್ಮಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ, ಅವರ ಹಿಂದೆ ಅಡುಗೆಯವರೂ ಹೋಗಬೇಕು. ಕತ್ತರಿಯವರ ಹೊಟ್ಟೆ ಅಂದರೆ ಸಾಮಾನ್ಯವಲ್ಲ. ಬೆಳಗ್ಗೆ ಗಂಟೆ ಹೊಡೆದು ಮೊದಲ ಕುರಿಯನ್ನು ಎಳೆದುಕೊಳ್ಳುವ ಮುಂಚೆ ಕುರಿಮಾಂಸದ ಚಾಪ್ಸ್, ಮೊಟ್ಟೆ, ಸುಟ್ಟ ಬ್ರೆಡ್ಡು ಬಿದ್ದಿರಬೇಕು. ನಡುವೆ ಎರಡು ಸಲ ಟೀ, ಅದರ ಜೊತೆ ಕೇಕು, ಬಿಸಿ ಸ್ಕೋನು ಬನ್ನು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಗಡದ್ದಾಗಿ ಊಟ. ಅಡುಗೆ ಹಿಡಿಸದಿದ್ದರೆ ತಂಡದವರೆಲ್ಲ ಮೇಜಿನ ಸುತ್ತ ಕೂತು ಕೈ ಎತ್ತುತ್ತಾರೆ, ಹೆಚ್ಚು ಕೈ ಎದ್ದರೆ ಅಡುಗೆಯವರು ಅವತ್ತೇ ಗಂಟುಮೂಟೆ ಕಟ್ಟಬೇಕು. ತಂಡದ ಗುತ್ತಿಗೆದಾರ ಅಡ್ಡ ಬಂದರೂ ಕೇಳುವುದಿಲ್ಲ. ಎಂಥೆಂಥ ಅಡುಗೆಯವರು ಹೀಗೆ ಮುಖ ಚಿಕ್ಕದು ಮಾಡಿಕೊಂಡು ಹೋದದ್ದನ್ನು ನಾನು ಕಂಡಿದ್ದೇನೆ. ಲೋರ್ನಾಳ ವಿರುದ್ಧ ಮಾತ್ರ ಯಾರೂ ಒಂದು ದಿನ ಕೈ ಎತ್ತಿದವರಲ್ಲ.

ಅವಳ ಗಂಡ ಆಲ್ಬಿ ಅದೇ ತಂಡದಲ್ಲಿ ಉಣ್ಣೆಯನ್ನು ಯಂತ್ರಕ್ಕೆ ತುಂಬಿ ಮೂಟೆ ಮಾಡುತ್ತಿದ್ದ. ಕೆಲಸ ಬಿಟ್ಟ ಮೇಲೆ ಇಬ್ಬರೂ ದೇಶ ಸುತ್ತಬೇಕೆಂದು ಜಪಾನಿನ ಹಳೆಯ ಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಹಾಸಿಗೆ, ಒಲೆ, ಫ್ರಿಜ್ಜು ಕೂರಿಸಿ ಮನೆ ಮಾಡಿದ್ದರು. ಕಪಾಟುಗಳನ್ನೆಲ್ಲ ಆಲ್ಬಿಯೇ ಹೊಡೆದದ್ದು. ಒಂದರ ಬಾಗಿಲೂ ಇನ್ನೊಂದರ ಸಮಕ್ಕೆ ಇರಲಿಲ್ಲ. ಕೊನೆಯ ಕಪಾಟಿಗೆ ಬಣ್ಣ ಬಳಿಯುವ ಮುಂಚೆ ಆಲ್ಬಿಯ ಎದೆಬಡಿತ ನಿಂತುಹೋಯಿತು. ಲೋರ್ನಾ ಮನೆಯನ್ನು ಬಿಟ್ಟಳು, ಬಸ್ಸನ್ನು ಬಿಡಲಿಲ್ಲ. ಶೆಡ್ಡುಗಳ ಇಲಿ ಓಡಾಡುವ ಕೋಣೆಗಳಲ್ಲಿ ಮಲಗುವುದರ ಬದಲು ತನ್ನ ಹಾಸಿಗೆಯಲ್ಲೇ ಮಲಗುತ್ತೇನೆಂದು ಆ ಬಸ್ಸಿನಲ್ಲೇ ತಂಡದ ಹಿಂದೆ ಹೊರಟಳು.

"ಸುತ್ತೋಕೆ ಅಂತ ತಗೊಂಡಿದ್ವಿ, ಸುತ್ತುತ್ತಾನೇ ಇದೀನಲ್ಲೋ," ಎಂದು ನಗುತ್ತಿದ್ದಳು. ಸಮುದ್ರ ನೋಡಬೇಕೆಂದಿದ್ದವಳು ಸುತ್ತಿದ್ದೆಲ್ಲ ಕೆಂಪು ಮಣ್ಣು, ಕುರಿಯ ಹಿಕ್ಕೆ.

ಒಂದು ಶೆಡ್ಡು ಮುಗಿಯುವ ದಿನವೇ ಅಡುಗೆಯವರಿಗೆ ನಿಜವಾದ ಕಷ್ಟ. ಕತ್ತರಿಯವರು ಊಟ ಮುಗಿಸಿ ಕೈ ಒರೆಸಿಕೊಂಡು ಮುಂದಿನ ಶೆಡ್ಡಿಗೆ ಹೋಗಿ ಮಲಗುತ್ತಾರೆ. ಅಡುಗೆಯವಳು ಪಾತ್ರೆ ತೊಳೆದು, ಮೂಟೆ ಕಟ್ಟಿ, ಸ್ವಲ್ಪ ಕಣ್ಣು ಮುಚ್ಚಿ, ಕೋಳಿ ಕೂಗುವ ಮೊದಲೇ ಹೊರಟು ಅಲ್ಲಿಗೆ ಹೋಗಿ ಒಲೆ ಹಚ್ಚಬೇಕು. ನಮ್ಮ ಕಡೆ ಕತ್ತಲಲ್ಲಿ ಗಾಡಿ ಓಡಿಸುವುದೆಂದರೆ ಕಾಂಗರೂಗಳ ಜೊತೆ ಜೂಜಾಡಿದ ಹಾಗೆ. ಅದಕ್ಕೇ ಇಲ್ಲಿ ಹಳ್ಳಿಯ ಪ್ರತಿ ಗಾಡಿಗೂ ಮುಂದೆ ಕಬ್ಬಿಣದ ಗಾರ್ಡು, ಅದರ ಮೇಲೆ ದೂರಕ್ಕೆ ಬೆಳಕು ಚೆಲ್ಲುವ ಎರಡು ದೊಡ್ಡ ಲೈಟು. ಎದುರಿಗೆ ಗಾಡಿ ಕಂಡ ಕೂಡಲೇ ಅವನ್ನು ಆರಿಸಿ ಡಿಮ್ ಮಾಡಬೇಕು. ಹಗಲಾದರೆ ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತುವುದು, ಇರುಳಾದರೆ ಡಿಮ್ ಮಾಡುವುದು. ಇಷ್ಟೇ ನಮ್ಮ ಮರ್ಯಾದೆ. ಇಷ್ಟನ್ನೂ ಮಾಡದವನನ್ನು ನಾವು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಈ ವಿಷಯದಲ್ಲಿ ಲೋರ್ನಾ ನಮ್ಮೆಲ್ಲರಿಗಿಂತ ಒಂದು ಕೈ ಮೇಲು. ಎದುರಿನವನ ಬೆಳಕು ದಿಬ್ಬದ ಆಚೆ ಇದ್ದಾಗಲೇ ಡಿಮ್ ಮಾಡಿಬಿಡುತ್ತಿದ್ದಳು. ಒಮ್ಮೆ ಲಾರಿಯವನೊಬ್ಬ ಡಿಮ್ ಮಾಡದೆ ಹೋದನೆಂದು ಬಸ್ಸು ತಿರುಗಿಸಿಕೊಂಡು ಅವನ ಹಿಂದೆಯೇ ಬಂದು, ಪೆಟ್ರೋಲ್ ಬಂಕಿನಲ್ಲಿ ಹಿಡಿದು, "ನಿಮ್ಮಮ್ಮ ನಿನಗೆ ಏನೂ ಕಲಿಸಲಿಲ್ವೇನೋ?" ಎಂದು ಎಲ್ಲರ ಮುಂದೆ ಬೆವರಿಳಿಸಿದ್ದಳು. ಬಾಗಿಲಿನಷ್ಟು ಅಗಲದ ಆ ಆಳು ಟೋಪಿ ತೆಗೆದು ನಿಂತು ಕೇಳಿಸಿಕೊಂಡ.

ತಾಮತಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವನು ನ್ಯೂಜಿಲೆಂಡಿನ ಮಾವೋರಿ, ತಂಡದಲ್ಲಿ ಪಳಗಿದ ಕತ್ತರಿಯವನು, ಬಾಯಿ ತುಂಬ ನಗು. ಲೋರ್ನಾಳನ್ನು ಅವನೊಬ್ಬನೇ ಆಂಟಿ ಎಂದು ಕರೆಯುತ್ತಿದ್ದದ್ದು. ಬಂದ ಮೊದಲ ವರ್ಷ ಲೋರ್ನಾಳ ಬಸ್ಸನ್ನು ಅವನು ಓಡಿಸುತ್ತಿದ್ದಾಗ, ನಸುಕಿನಲ್ಲಿ, ನೇರ ರಸ್ತೆಯ ತುದಿಯಲ್ಲಿ ಒಂದೇ ಒಂದು ಬಿಳಿ ಬೆಳಕು ಕಂಡಿತು. ತಾಮತಿ ಡಿಮ್ ಮಾಡಿದ. ಬೆಳಕು ಹತ್ತಿರ ಬರಲಿಲ್ಲ. ಪಕ್ಕಕ್ಕೆ ಸರಿದ. ಬರಲಿಲ್ಲ. ಕೊನೆಗೆ ನಿಲ್ಲಿಸಿಯೇ ಬಿಟ್ಟ. ಅದು ಗಾಡಿಯಾಗಿದ್ದರೆ ತಾನೆ ಬರುವುದು, ಮೂಡಿದ್ದದ್ದು ಬೆಳ್ಳಿ! ಈ ಚಪ್ಪಟೆ ನೆಲದಲ್ಲಿ ಬೆಳ್ಳಿಚುಕ್ಕಿ ರಸ್ತೆಯ ಮೇಲೇ ಕೂತ ಹಾಗೆ ಮೂಡುತ್ತದೆ, ಹೊಸಬರೆಲ್ಲ ಒಂದಲ್ಲ ಒಂದು ದಿನ ಅದಕ್ಕೆ ಲೈಟು ಡಿಮ್ ಮಾಡಿದವರೇ. ಲೋರ್ನಾ ಬಿದ್ದು ಬಿದ್ದು ನಕ್ಕು, ತಿಂಡಿಯ ಹೊತ್ತಿಗೆ ಇಡೀ ಶೆಡ್ಡಿಗೆ ಡಂಗುರ ಸಾರಿದಳು. ಅಲ್ಲಿಂದಾಚೆ ಪ್ರತಿ ಬೆಳಗ್ಗೆ ಅವನ ತಟ್ಟೆಗೆ ಮೊಟ್ಟೆ ಹಾಕುತ್ತಾ, "ಏನಪ್ಪಾ, ಬೆಳ್ಳಿ ದಾಟಿ ಹೋಯ್ತಾ?" ಎಂದು ಕೇಳುವುದು ಅವಳ ವಾಡಿಕೆಯಾಯಿತು.

"ಹೋಯ್ತು ಆಂಟಿ, ನಿಮ್ಮನ್ನ ಕೇಳ್ತಿತ್ತು," ಎನ್ನುತ್ತಿದ್ದ ಅವನು.

ಬಸ್ಸಿನ ಮೂಲ ಲೈಟುಗಳು ಎಂದೂ ಚೆನ್ನಾಗಿರಲಿಲ್ಲ, ವಯಸ್ಸಾದ ಮೇಲಂತೂ ಮೇಣದ ಬತ್ತಿಗೂ ಕಡೆ. ಲೋರ್ನಾ ಒಂದು ಕಾಂಗರೂಗೆ ಹೊಡೆದಳು. ಸರಿ, ಅದು ಎಲ್ಲರಿಗೂ ಆಗುವುದು. ಆಮೇಲೆ ಒಂದು ಫಾರ್ಮಿನ ಗೇಟಿನ ಕಂಬಕ್ಕೆ ಹೊಡೆದಳು. ಕಂಬ ಎಲ್ಲಿಂದಲೂ ಜಿಗಿದು ಬರುವುದಿಲ್ಲವಲ್ಲ. "ನನ್ನ ಲೈಟು ಸರಿ ಇಲ್ಲ," ಎಂದಳು. ತಂಡದವರು ನಂಬಿ, ಎಲ್ಲರೂ ಸೇರಿ ಅವಳ ಹುಟ್ಟುಹಬ್ಬಕ್ಕೆ ಒಂದು ಜೊತೆ ಎಲ್‌ಇಡಿ ಲೈಟು ತಂದುಕೊಟ್ಟರು. ತಟ್ಟೆಯಷ್ಟಗಲ ಒಂದೊಂದು. ಭಾನುವಾರ ತಾಮತಿಯೇ ಗಾರ್ಡಿಗೆ ಬೋಲ್ಟು ಹಾಕಿ, ವೈರು ಎಳೆದು, ಕರೆಂಟು ಹಾಯಿಸುವ ರಿಲೇ ಕೂರಿಸಿ, ತಾನೇ ಇಂಜಿನಿಯರು ಅನ್ನುವ ಹಾಗೆ ಕೈ ತಟ್ಟಿಕೊಂಡ.

ಅಲ್ಲಾ ಸ್ವಾಮಿ, ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕಬೇಕು? ಬೇರೆ ಗಾಡಿಗಳಲ್ಲಿ ಸ್ವಿಚ್ಚು ಒತ್ತಿದಾಗ ಬಲ್ಬಿಗೆ ಕರೆಂಟು ಹೋಗುತ್ತದೆ. ಆ ಕಾಲದ ಈ ಬಸ್ಸುಗಳಲ್ಲಿ ಉಲ್ಟಾ. ಹೆಡ್‌ಲೈಟು ಹಾಕಿದ ಕೂಡಲೇ ಕರೆಂಟು ಬಲ್ಬಿನವರೆಗೂ ಬಂದು ಕಾದು ಕೂತಿರುತ್ತದೆ, ಸ್ವಿಚ್ಚು ಮಾಡುವುದು ಅರ್ತಿಂಗ್ ಕೊಡುವ ಕೆಲಸ ಮಾತ್ರ. ಇದನ್ನು ತಿಳಿಯದೆ ಮಾಮೂಲಿನ ಹಾಗೆ ರಿಲೇ ಜೋಡಿಸಿದರೆ ಎಲ್ಲ ತಿರುಗಾಮುರುಗಾ. ಹೈ ಬೀಮ್ ಹಾಕಿದರೆ ಹೊಸ ಲೈಟು ಆರುತ್ತದೆ, ಡಿಮ್ ಮಾಡಿದರೆ ಧಗ್ಗೆಂದು ಹೊತ್ತಿಕೊಳ್ಳುತ್ತದೆ. ಎದುರಿಗೆ ಬರುವವನ ಕಣ್ಣಿಗೆ ಸುಣ್ಣ ಎರಚಿದಂತೆ!

ಒಂದೇ ವಾರದಲ್ಲಿ ಲಾರಿಯವರ ರೇಡಿಯೊದಲ್ಲೆಲ್ಲ ಲೋರ್ನಾಳ ಬಸ್ಸಿನದೇ ಸುದ್ದಿ. ಗುತ್ತಿಗೆದಾರ ರಾಸ್ ನನಗೆ ಫೋನ್ ಮಾಡಿ ನಗುತ್ತಾ ಹೇಳಿದ: "ತಾಮತಿ ಕೈ ಚಳಕ ಕಣಯ್ಯಾ. ಅವಳನ್ನ ಕಳಿಸ್ತೀನಿ, ಸರಿ ಮಾಡಿಕೊಡು. ಎಲ್ಲರೂ ಉಗೀತಿದಾರೆ."

ಶನಿವಾರ ಸಂಜೆಯ ಕಡೆ ಬಂದಳು. ನಾನು ಬಾನೆಟ್ ಎತ್ತಿ ನೋಡಿದ ತಕ್ಷಣ ನಗು ತಡೆಯಲಾಗಲಿಲ್ಲ.

"ಎರಡು ವೈರು ಅದಲುಬದಲು ಮಾಡಬೇಕು ಅಷ್ಟೆ. ಟೀ ಕುಡಿಯೋದ್ರಲ್ಲಿ ಆಗುತ್ತೆ," ಎಂದೆ.

"ಬೇಡ," ಎಂದಳು ಲೋರ್ನಾ.

"ಏನು ಬೇಡ? ಟೀನಾ?"

"ವೈರು ಮುಟ್ಟಬೇಡ. ರಾಸ್ ಕೇಳಿದ್ರೆ ಮಾಡಿದೀನಿ ಅನ್ನು. ನನಗೆ ಹೀಗೇ ಇರಲಿ."

ನಾನು ಬಾನೆಟ್ಟಿನಿಂದ ತಲೆ ಎತ್ತಿದೆ. ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಕೀಲಿಗೊಂಚಲನ್ನು ಒಂದೊಂದಾಗಿ ಸವರುತ್ತಿದ್ದಳು.

"ಲೋರ್ನಾ, ಡಿಮ್ ಮಾಡಿದಾಗ ಇದು ಉರಿಯುತ್ತೆ. ಎದುರಿನವನಿಗೆ ಕಣ್ಣು ಕುಕ್ಕುತ್ತೆ."

"ಗೊತ್ತು ನನಗೆ."

"ಗೊತ್ತಾ? ಗೊತ್ತಿದ್ದೂ ಹೇಳ್ತಿದೀಯಾ? ಬಂಕಿನಲ್ಲಿ ಆ ಲಾರಿಯವನ ಮಾನ ಹರಾಜು ಹಾಕಿದವಳು ನೀನೇ ತಾನೆ?"

"ಜಾಸ್ತಿ ಮಾತಾಡಬೇಡ ಕ್ಲೈವ್. ನನ್ನ ಗಾಡಿ, ನನ್ನ ಲೈಟು."

ಆಗ ನನಗೆ ಹೊಳೆಯಿತು. ಬೇರೆ ಯಾರೇ ಹೇಳಿದ್ದರೂ ಸೊಕ್ಕು ಎಂದು ಬೈದು ಕಳಿಸುತ್ತಿದ್ದೆ. ಲೋರ್ನಾ ಅಂಥ ಮಾತು ಆಡಬೇಕಾದರೆ ಡಿಮ್ ಮಾಡಿದ ಮೇಲೆ ಅವಳಿಗೆ ರಸ್ತೆ ಕಾಣುತ್ತಿಲ್ಲ ಎಂದೇ ಅರ್ಥ. ಆದರೆ ನನ್ನ ಹಾಳು ಬುದ್ಧಿ ನೋಡಿ, ನೆಟ್ಟಗೆ ಕೇಳುವುದು ಬಿಟ್ಟು ಪರೀಕ್ಷೆ ಮಾಡಲು ಹೊರಟೆ.

ಹೊತ್ತು ಮುಳುಗಿ ಮಬ್ಬು ಕವಿಯುತ್ತಿತ್ತು. ಅವಳನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ವೈರು ಸರಿ ಮಾಡಿ, ಡಿಮ್ ಮಾಡಿಸಿದೆ. ಅಲ್ಲಿ ನಿಲ್ಲುತ್ತೇನೆ, ಕಾಣುತ್ತೇನಾ ಹೇಳು ಎಂದು ಹಿತ್ತಲ ಬೇಲಿಯ ಹತ್ತಿರ ಹೋಗಿ ನನ್ನ ಜಾಕೆಟ್ಟನ್ನು ಕಂಬಕ್ಕೆ ತಗಲಿಸಿ, ಕತ್ತಲಲ್ಲೇ ಸುತ್ತು ಹಾಕಿ ಬಂದು ಅವಳ ಕಿಟಕಿಯ ಪಕ್ಕದಲ್ಲೇ ನಿಂತೆ. ಲೋರ್ನಾ ಮುಂದಕ್ಕೆ ಬಾಗಿ ಕಂಬದ ಕಡೆಗೆ ಕೂಗಿದಳು:

"ಕಾಣ್ತಿದೀಯಾ ಕಣೋ, ಚೆನ್ನಾಗಿ ಕಾಣ್ತಿದೀಯಾ! ಸುಮ್ಮನೆ ಕೈ ಬೀಸಬೇಡ, ಕೋತಿ ಥರ!"

ನಾನು ಮೆಲ್ಲಗೆ ಅವಳ ತೋಳು ಮುಟ್ಟಿದೆ. ಅವಳು ಬೆಚ್ಚಿಬಿದ್ದು ನನ್ನನ್ನು ನೋಡಿದಳು, ಕಂಬದ ಕಡೆ ನೋಡಿದಳು. ಆಮೇಲೆ ಬೈದಳು ನೋಡಿ! ನನ್ನ ಅಪ್ಪ, ಅಜ್ಜ, ಮುತ್ತಜ್ಜ ಯಾರನ್ನೂ ಬಿಡಲಿಲ್ಲ. ಬೈದು ಬೈದು ಸುಸ್ತಾಗಿ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತಳು. ನಾನು ಮಾಡಿದ್ದು ಕೆಟ್ಟ ಕೆಲಸ ಅನ್ನಿಸಿ ನನಗೂ ಅಳು ಬಂತು.

ಟೀ ಕುಡಿಯುತ್ತಾ ಎಲ್ಲ ಹೇಳಿದಳು. ಡಬ್ಬೋ ಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ಯಾರಿಗೂ ಹೇಳದೆ ಹೋಗಿ ಬಂದಿದ್ದಳಂತೆ. ಕಣ್ಣಿನ ಹಿಂದಿನ ಪರದೆ ನಡುವಿನಲ್ಲೇ ಸವೆದಿದೆ, ಇನ್ನೂ ಸವೆಯುತ್ತದೆ, ಕನ್ನಡಕಕ್ಕೆ ಬಗ್ಗುವ ರೋಗ ಅಲ್ಲ, ಇನ್ನು ಗಾಡಿ ಓಡಿಸುವುದು ಬಿಡು ಎಂದಿದ್ದರಂತೆ.

"ತಾಮತಿ ಉಲ್ಟಾ ಹಾಕಿದ್ದು ಗೊತ್ತಾದಾಗ ಮೊದಲು ನಾನೂ ಬೈದೆ. ಆಮೇಲೆ ನೋಡಿದ್ರೆ, ಡಿಮ್ ಮಾಡಿದ್ರೂ ರಸ್ತೆ ಕಾಣ್ತಿದೆ! ಎಷ್ಟು ದಿನ ಆಗಿತ್ತು ಗೊತ್ತಾ, ಎದುರಿಗೆ ಗಾಡಿ ಬಂದಾಗ ನನ್ನ ಮುಂದೆ ರಸ್ತೆ ಇರೋದು ಕಂಡು?" ಎಂದಳು.

"ಬಿಟ್ಟುಬಿಡು ಲೋರ್ನಾ. ಸಾಕು."

"ಬಿಟ್ಟು? ಊರಲ್ಲಿ ಒಂದು ಕೋಣೆ ಹಿಡಿದು, ಒಬ್ಬಳಿಗೆ ಒಂದು ಚಾಪ್ ಹುರ್ಕೊಂಡು ತಿನ್ನಲಾ? ನನಗೆ ಒಬ್ಬಳಿಗೆ ಅಡುಗೆ ಮಾಡೋಕೆ ಬರಲ್ಲ ಕಣೋ. ಆಲ್ಬಿ ಹೋದ ದಿನ ಮನೆಗೆ ಬಂದು ಅಭ್ಯಾಸಬಲದಲ್ಲಿ ಹನ್ನೆರಡು ಜನಕ್ಕೆ ಆಲೂಗಡ್ಡೆ ಸುಲಿದಿದ್ದೆ. ಆ ಹುಡುಗರಿಲ್ದೆ ನನಗೆ ಯಾರಿದಾರೆ ಹೇಳು. ಈ ಕತ್ತರಿ ಕಾಲ ಮುಗಿಯಲಿ, ನಾನೇ ಬಿಡ್ತೀನಿ. ಯಾರೂ ಕೈ ಎತ್ತಿ ಕಳಿಸಬಾರದು, ನಾನಾಗೇ ಹೋಗಬೇಕು."

ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ನನಗೆ ಇಲ್ಲ ಎನ್ನಲು ಆಗಲಿಲ್ಲ. ಶೆಡ್ಡಿನಲ್ಲಿ ಅಡುಗೆ ಮಾಡಲು ಅವಳಿಗೆ ಕಣ್ಣು ಬೇಡ, ಕೈಯೇ ಸಾಕು. ತೊಂದರೆ ಇರುವುದು ರಸ್ತೆಯಲ್ಲಿ. ಶೆಡ್ಡು ಬದಲಾಯಿಸುವ ದಿನ ನನಗೆ ಫೋನ್ ಮಾಡಬೇಕು, ಎಷ್ಟು ಹೊತ್ತಾದರೂ ಸರಿ, ನಾನು ಬಂದು ಬಸ್ಸು ಓಡಿಸುತ್ತೇನೆ, ಒಬ್ಬಳೇ ಕೀಲಿ ತಿರುಗಿಸಿದರೆ ರಾಸ್‌ಗೆ ಹೇಳಿಬಿಡುತ್ತೇನೆ ಎಂದು ಹೆದರಿಸಿದೆ. ಗೊಣಗುತ್ತಾ ಒಪ್ಪಿದಳು. ಹೊಸ ಲೈಟುಗಳು ಸರಿಯಾಗಿ ಕೆಲಸ ಮಾಡುತ್ತಿವೆಯಾ ನೋಡಲು ಕ್ಲೈವ್ ಬರುತ್ತಾನೆ ಎಂದು ರಾಸ್‌ಗೆ ಒಂದು ಬುರುಡೆ ಬಿಟ್ಟಳು. ಅವನು ನಂಬಿದನೋ, ನಂಬಿದಂತೆ ಇದ್ದನೋ.

ಹಾಗೆ ಕೆಲವು ಸಲ ನಾನೇ ಓಡಿಸಿದೆ. ಅವಳು ಪಕ್ಕದಲ್ಲಿ ಕೂತು, ಮಡಿಲಲ್ಲಿ ಬ್ರೆಡ್ಡಿನ ಹಿಟ್ಟಿನ ಬೋಗುಣಿ ಇಟ್ಟುಕೊಂಡು ಬರುತ್ತಿದ್ದಳು. ರಸ್ತೆಯೆಲ್ಲ, ಕುರಿ ದಾಟದಂತೆ ಅಡ್ಡ ಹಾಸಿದ ಕಬ್ಬಿಣದ ಗ್ರಿಡ್ಡುಗಳ ಸಮೇತ, ಅವಳಿಗೆ ಬಾಯಿಪಾಠ. "ಈಗ ಕಬ್ಬಿಣದ ಗ್ರಿಡ್ ಬರುತ್ತೆ, ನಿಧಾನ," "ಇಲ್ಲಿ ಬಲಗಡೆ ಎಮುಗಳು ಇರ್ತವೆ" ಎನ್ನುತ್ತಿದ್ದಳು. ಎದುರಿಗೆ ಬೆಳಕು ಕಂಡರೆ ನನಗಿಂತ ಮುಂಚೆ ಅವಳೇ, "ಡಿಮ್ ಮಾಡೋ, ಡಿಮ್ ಮಾಡೋ!" ಎಂದು ನನ್ನ ಮೊಣಕೈ ತಿವಿಯುತ್ತಿದ್ದಳು. ಬೆಳಕು ಮಾತ್ರ ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಬೆಳಕು ಬಿದ್ದ ವಸ್ತು ಕಾಣುತ್ತಿರಲಿಲ್ಲ.

ಕತ್ತರಿ ಕಾಲ ಮುಗಿಯಲು ಎರಡೇ ಶೆಡ್ಡು ಉಳಿದಿದ್ದವು. ಊರಿನ ಪಶ್ಚಿಮಕ್ಕಿದ್ದ ಶೆಡ್ಡಿನಲ್ಲಿ ಕುರಿ ಅಂದುಕೊಂಡದ್ದಕ್ಕಿಂತ ಕಡಿಮೆ ಇದ್ದು ಒಂದು ದಿನ ಮೊದಲೇ ಕೆಲಸ ಮುಗಿಯಿತು. ತಂಡದವರು ಸಂಜೆಯೇ ಪೂರ್ವದ ಶೆಡ್ಡಿಗೆ ಹೋಗಿ ಮಲಗಿದರು. ಲೋರ್ನಾ ನನಗೆ ಫೋನ್ ಮಾಡಲಿಲ್ಲ. ಬೆಳಗ್ಗೆ ಮುಖ ತೊಳೆಯುತ್ತಿದ್ದೆ, ರಾಸ್‌ನ ಫೋನ್ ಬಂತು.

"ಎಲ್ಲಿದೀರಯ್ಯಾ ಇಬ್ಬರೂ? ಒಲೆ ತಣ್ಣಗಿದೆ, ಹುಡುಗರು ತಟ್ಟೆ ಹಿಡ್ಕೊಂಡು ಕೂತಿದಾರೆ."

"ಇಬ್ಬರೂ ಅಂದ್ರೆ?"

"ನೀನು ಬರ್ತೀಯಾ, ನೀನೇ ಓಡಿಸ್ತೀಯಾ ಅಂದಿದ್ಲಲ್ಲ!"

ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ರಸ್ತೆ ನನ್ನ ಅಂಗಡಿಯ ಮುಂದೆಯೇ ಹಾದು ಹೋಗುತ್ತದೆ. ನಾನು ಗೊರಕೆ ಹೊಡೆಯುತ್ತಿದ್ದಾಗ ನನ್ನ ಬಾಗಿಲಿನ ಮುಂದೆಯೇ ಒಬ್ಬಳೇ ಹೋಗಿದ್ದಾಳೆ, ಒಂದು ಹಾರನ್ ಹೊಡೆಯದೆ! ನನ್ನ ನಿದ್ದೆ ಕೆಡಿಸಬಾರದೆಂದು ಹಾಗೆ ಮಾಡಿದ್ದಳೆಂದು ಆಮೇಲೆ ತಿಳಿಯಿತು. ಆಗ ಮಾತ್ರ ಪಿಕಪ್ ಹತ್ತಿ ಅವಳನ್ನು ಬೈದುಕೊಳ್ಳುತ್ತಲೇ ಓಡಿಸಿದೆ. ಹೆದರಿಕೆ ಆದಾಗ ನನಗೆ ಬೈಗುಳವೇ ಬರುವುದು.

ರಸ್ತೆ ನೆಟ್ಟಗೆ, ಸೂರ್ಯ ಎದುರಿಗೇ. ಬಹಳ ದೂರ ಹೋದ ಮೇಲೆ ಬಸ್ಸು ಕಂಡಿತು. ಎಡಕ್ಕೆ ಅಚ್ಚುಕಟ್ಟಾಗಿ ಮಣ್ಣಿಗೆ ಇಳಿಸಿ ನಿಲ್ಲಿಸಿದ್ದಳು. ಗುದ್ದಿಲ್ಲ, ಉರುಳಿಲ್ಲ. ಹೆಡ್‌ಲೈಟು ಆ ಬಿಸಿಲಲ್ಲೂ ಮಿಣಮಿಣ ಉರಿಯುತ್ತಿತ್ತು, ಡಿಮ್ಮಿನಲ್ಲಿ. ಗಾರ್ಡಿನ ಮೇಲಿನ ದೊಡ್ಡ ಲೈಟುಗಳು, ನಾನು ಜೋಡಿಸಿಕೊಟ್ಟಿದ್ದ ಹಾಗೆಯೇ, ಆರಿದ್ದವು. ಸ್ಟೇರಿಂಗಿನ ಮೇಲೆ ತಲೆ ಇಟ್ಟಿದ್ದಳು. ಸತ್ತೇ ಹೋಗಿದ್ದಾಳೆ ಎಂದುಕೊಂಡು ಬಾಗಿಲು ಎಳೆದೆ. ತಲೆ ಎತ್ತಿದಳು.

"ಯಾರು?"

"ನಾನು, ಕ್ಲೈವ್."

"ಹೋದನಾ ಅವನು?"

"ಯಾರು ಹೋದನಾ?"

"ಎದುರಿಗೆ ಬರ್ತಿದ್ದವನು. ಎಂಥ ನಿಧಾನದ ಮನುಷ್ಯನೋ ಮಾರಾಯ. ದೊಡ್ಡ ಬಿಳಿ ಲೈಟು, ಡಿಮ್ಮೂ ಮಾಡಲಿಲ್ಲ. ನಾನು ಡಿಮ್ ಮಾಡಿದೆ, ಆಮೇಲೆ ಏನೂ ಕಾಣಲಿಲ್ಲ. ಎದುರಿಗೆ ಗಾಡಿ ಬಂದಾಗಲೆಲ್ಲ ಹಾಗೇ ಮಾಡೋದು ನಾನು, ಪಕ್ಕಕ್ಕೆ ನಿಲ್ಲಿಸಿ ಅವರು ಹೋಗೋವರೆಗೂ ಕಾಯೋದು. ಇವನು ಬರ್ತಾನೆ ಬರ್ತಾನೆ ಅಂತ ಕಾದೆ. ಕಣ್ಣು ಉರೀತು ಅಂತ ಒಂದು ಗಳಿಗೆ ಮುಚ್ಚಿದೆ." ಅವಳು ಬೆಳಕಿನ ಕಡೆ ಮುಖ ತಿರುಗಿಸಿದಳು. "ಹೊತ್ತು ಎಷ್ಟಾಯ್ತೋ? ಗಂಟೆ ಹೊಡೆದುಬಿಟ್ರಾ?"

ಆ ರಸ್ತೆಯಲ್ಲಿ ಆ ಹೊತ್ತಿಗೆ ಯಾರೂ ಬರುವುದಿಲ್ಲ. ಬಸ್ಸಿನ ಮುಂದೆ ಮಣ್ಣಿನ ಮೇಲೆ ಹೊಸ ಚಕ್ರದ ಗುರುತೂ ಇರಲಿಲ್ಲ. ಆ ತಿಂಗಳು ಬೆಳ್ಳಿ ಆ ರಸ್ತೆಯ ಮೇಲೇ ನೆಟ್ಟಗೆ ಮೂಡುತ್ತಿತ್ತು.

"ಕಾಂಗರೂ ಬೇಟೆಯವನು ಇರಬೇಕು. ಮುಂದಿನ ಗೇಟಿನಲ್ಲಿ ಒಳಗೆ ತಿರುಗಿರ್ತಾನೆ. ಅವರಿಗೆಲ್ಲ ಮರ್ಯಾದೆ ಎಲ್ಲಿ?" ಎಂದೆ.

"ಹೌದು. ಮರ್ಯಾದೆ ಇಲ್ಲ," ಎಂದಳು.

ಹಿಟ್ಟು ಬೋಗುಣಿಯಿಂದ ಉಕ್ಕಿ ಸೀಟಿನ ಮೇಲೆಲ್ಲ ಹರಿದಿತ್ತು. ಅವಳು ಅದನ್ನು ಬೆರಳಲ್ಲಿ ತಡಕಿ ತಡಕಿ ಬಳಿದು ಮತ್ತೆ ಬೋಗುಣಿಗೆ ಹಾಕುತ್ತಿದ್ದಳು. ಬ್ಯಾಟರಿ ಇಳಿದುಹೋಗಿತ್ತು. ನನ್ನ ಪಿಕಪ್ಪಿನಿಂದ ವೈರು ಕೊಟ್ಟು ಬಸ್ಸು ಎಬ್ಬಿಸಿ, ಪಿಕಪ್ಪನ್ನು ಅಲ್ಲೇ ಬಿಟ್ಟು, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ. ಲಂಗದ ಮೇಲಿನ ಹಿಟ್ಟನ್ನು ಉಜ್ಜುತ್ತಾ ಕೂತಿದ್ದಳು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ರಾಸ್ ಬಂದ, ಹುಡುಕಿಕೊಂಡು. ಅವನ ಕೆಂಪು ಪಿಕಪ್ಪು ಈ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮುಂದೆ ಮುರಿದ ಕೊಂಬಿನ ಟಗರಿನ ತಲೆ ಕಟ್ಟಿಕೊಂಡಿದ್ದಾನೆ. ನಮ್ಮನ್ನು ಕಂಡು ವೇಗ ತಗ್ಗಿಸಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಟೋಪಿ ತೆಗೆದು ಬೀಸಿದ. ಹಲ್ಲು ಕಾಣುವಷ್ಟು ಹತ್ತಿರ. ನಾನು ನಿಲ್ಲಿಸಬೇಡ ಎಂಬಂತೆ ತಲೆ ಆಡಿಸಿ ಮುಂದೆ ಹೋದೆ. ಲೋರ್ನಾ ಹಿಟ್ಟು ಮೆತ್ತಿದ ಒಂದು ಬೆರಳನ್ನು ಎತ್ತಿದಳು, ದಾರಿಯಲ್ಲಿ ಗುರುತಿಲ್ಲದವರಿಗೆ ಎತ್ತುತ್ತೇವಲ್ಲ, ಹಾಗೆ.

"ಯಾರೋ ಪಾಪ, ಒಳ್ಳೆಯವನು. ಯಾರದು ಕ್ಲೈವ್?" ಎಂದಳು.

ಸುಳ್ಳು ಹೇಳಬಹುದಿತ್ತು. ಈಗಷ್ಟೇ ಒಂದು ಹೇಳಿ ಆಗಿತ್ತು, ಇನ್ನೊಂದು ಬಾಯಿಗೆ ಬರಲಿಲ್ಲ.

"ರಾಸ್," ಎಂದೆ.

ಅವಳು ಬೆರಳನ್ನು ನಿಧಾನವಾಗಿ ಮಡಿಲಿಗೆ ಇಳಿಸಿಕೊಂಡಳು. ಬಿಸಿಲು ಅವಳ ಮುಖದ ಮೇಲೆ ಪೂರ್ತಿ ಬಿದ್ದಿತ್ತು. ಗ್ರಿಡ್ ಬಂತು, ಅವಳು ಹೇಳಲಿಲ್ಲ, ನಾನು ವೇಗ ತಗ್ಗಿಸಲೂ ಇಲ್ಲ, ಪಾತ್ರೆಗಳೆಲ್ಲ ಗಡಗಡ ಅಲುಗಿದವು.

"ಹಾಗಾದ್ರೆ ಅದು ಬೆಳ್ಳಿನೇ," ಎಂದಳು.

ನಾನು ಗೇರು ಬದಲಾಯಿಸಿದೆ.

"ಕ್ಲೈವ್, ತಾಮತಿಗೆ ಮಾತ್ರ ಹೇಳಬೇಡ ಕಣೋ."

ಶೆಡ್ಡಿನ ಮುಂದೆ ಎಲ್ಲರೂ ಕೆಲಸ ಶುರು ಮಾಡದೆ ಬೇಲಿಗೆ ಒರಗಿ ನಿಂತಿದ್ದರು. ಗಂಟೆ ಹೊಡೆಯುವ ಹೊತ್ತು ಯಾವಾಗಲೋ ಮೀರಿತ್ತು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಗಾಬರಿಯಿತ್ತು. ತಾಮತಿ ಓಡಿ ಬಂದು ಬಾಗಿಲು ತೆಗೆದು, ಅವಳ ಕೈಯಿಂದ ಬೋಗುಣಿ ಇಸಿದುಕೊಂಡ.

"ಏನಾಯ್ತು ಆಂಟಿ?"

ಲೋರ್ನಾ ಬಾಗಿಲಿನ ಕಂಬಿ ಹಿಡಿದು ನನ್ನ ಕಡೆ ತಿರುಗಿದಳು.

"ಬ್ಯಾಟರಿ ಇಳಿದಿತ್ತು. ನಾನು ವೈರು ಬದಲಿಸಿದ ಲೈಟು ಕುಡಿದುಬಿಟ್ಟಿದೆ. ನನ್ನದೇ ತಪ್ಪು," ಎಂದೆ ನಾನು.

"ಥೂ, ನಿನ್ನ ಕೆಲಸಕ್ಕೆ ಬೆಂಕಿ ಹಾಕ! ನಾನು ಹಾಕಿದ್ದೇ ಚೆನ್ನಾಗಿತ್ತು," ಎಂದ ತಾಮತಿ. ಎಲ್ಲರೂ ಗೊಳ್ಳೆಂದು ನಕ್ಕರು. ಲೋರ್ನಾ ಅವನ ತೋಳು ಹಿಡಿದು ಇಳಿದು, ಅಡುಗೆ ಮನೆಯ ಕಡೆ ನಡೆದಳು.